ನನ್ನ ಕಾರಿಗೆ ನಿನ್ನ ಮೂತಿ

ಭಾನುವಾರ, ಊಟವಾದ ಮೇಲೆ

ಮುದ್ದು ಮರಿ,

ಫೋನಿನಲ್ಲಿ ಹೇಳಬಹುದಾದದ್ದನ್ನು ಅಮ್ಮ ಯಾಕೆ ಬರೆಯುತ್ತಿದ್ದಾಳೆ ಎಂದು ಗಾಬರಿಯಾಗಬೇಡ. ಇಬ್ಬರೂ ಗುಂಡುಕಲ್ಲಿನ ಹಾಗಿದ್ದೇವೆ. ಹೊಸ ಚಪ್ಪಲಿ ಕಚ್ಚಿ ನಿಮ್ಮಪ್ಪ ಮನೆಯೆಲ್ಲ ಕುಂಟುತ್ತ ಓಡಾಡುತ್ತಿದ್ದಾರೆ, ಅಷ್ಟೇ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮಾತು ತಪ್ಪಿಸುತ್ತೇನೆ, ಕೊನೆಗೆ ಇಬ್ಬರೂ ಸೆಕೆಯ ಬಗ್ಗೆ ಮಾತಾಡಿ ಇಟ್ಟುಬಿಡುತ್ತೇವೆ. ಎಷ್ಟು ಕಾಲದಿಂದ ಅದನ್ನೇ ಮಾಡಿಕೊಂಡು ಬಂದಿದ್ದೇವೆ ನೋಡು.

ವಿಷಯ ಕಾರಿನದು. ಎರಡು ಸೀಟಿನ ಆ ಕಾರು ನಿವೃತ್ತಿಗೆ ಮುಂಚೆ ನಾನು ರೂಪಿಸಿದ ಕೊನೆಯದು. ಅರ್ಧ ಆಯುಷ್ಯ ಕಳೆದ ಕಾರಿನ ಮುಖ ತಿದ್ದಿ ಮತ್ತೆ ಪೇಟೆಗೆ ಬಿಡುವುದು ಎಲ್ಲ ಕಂಪನಿಗಳ ರೂಢಿ, ನನಗೇನು ಹೊಸದಲ್ಲ. ಆದರೆ ಆ ಕೆಲಸ ನಿನಗೇ ಬಂದಿದೆ ಎಂದು ನೀನು ಊಟದ ಮೇಜಿನಲ್ಲಿ ಹೇಳಿದಾಗ, ಚೆನ್ನಾಗಿ ಮಾಡು ಎಂದಷ್ಟೇ ಹೇಳಿ ತಟ್ಟೆಗಳನ್ನೆತ್ತಿಕೊಂಡು ಒಳಗೆ ಹೋದೆ. ನಿನ್ನ ತಟ್ಟೆಯಲ್ಲಿ ಇನ್ನೂ ಊಟವಿತ್ತು ಎಂದು ನಿಮ್ಮಪ್ಪ ಆಮೇಲೆ ಹೇಳಿದರು.

ಹೋದ ತಿಂಗಳು ಹೊಸ ಕಾರು ಪೇಟೆಗೆ ಬಂತು, ಪತ್ರಿಕೆಯಲ್ಲಿ ಅದರ ಚಿತ್ರ ಬಂತು. ಮುಂದಿನ ಜಾಲರಿ, ನಾನು ತೆಳ್ಳಗೆ ಬಿಟ್ಟಿದ್ದ ಬಾಯಿ, ಅಗಲವಾಗಿತ್ತು. ದುಂಡಗಿದ್ದ ದೀಪದ ಕಣ್ಣು ಕಿರಿದಾಗಿತ್ತು. ಮಧ್ಯಾಹ್ನದ ನಿದ್ದೆಯಿಂದ ಯಾರೋ ಬೈದು ಎಬ್ಬಿಸಿದ ಮುಖ. ಪತ್ರಿಕೆಯನ್ನು ಮಗುಚಿಟ್ಟು ಹೂಕುಂಡಗಳಿಗೆ ನೀರು ಹಾಕಿದೆ. ಬೆಳಿಗ್ಗೆಯೇ ಹಾಕಿದ್ದೆ, ಮತ್ತೆ ಹಾಕಿದೆ.

ಅದೇ ವಾರ ಹಳೆಯ ಕಾರಿನ ಮಾಲೀಕರ ಸಂಘದ ಅಧ್ಯಕ್ಷರು ಮನೆಗೆ ಬಂದರು. ಹಲ್ಲಿನ ಡಾಕ್ಟರು. ಸೋಫಾದ ತುದಿಯಲ್ಲಿ ಕೂತು, ದಿನಾ ಜನರ ಬಾಯಿ ನೋಡುವವನು ನಾನು, ಈ ಬಾಯಿ ಜಾಸ್ತಿ ಆಯ್ತು ಎಂದರು. ನನಗೆ ನಗು ಬಂತು, ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಹಳೆಯ ಮುಖವನ್ನೇ ವಾಪಸ್ಸು ಕೊಡಿ ಎಂದು ಕಂಪನಿಗೆ ಮನವಿ ಕಳಿಸುತ್ತಾರಂತೆ. ಮೊದಲ ಸಹಿ ನನ್ನದಿರಬೇಕು, ಅವರ ಸಭೆಯಲ್ಲಿ ನಾನೇ ಮಾತಾಡಬೇಕಂತೆ. ಅಡಿಯಲ್ಲಿ ನಿನ್ನ ಅಮ್ಮನ ಸಹಿಯಿರುವ ಅಂಥ ಕಾಗದ ನಿನ್ನ ಆಫೀಸಿನ ಮೇಜಿಗೆ ಬಂದು ಬಿದ್ದರೆ ಏನಾಗುತ್ತಿತ್ತೆಂದು ಈಗ ಯೋಚಿಸುತ್ತೇನೆ. ಆಗ ಯೋಚಿಸಲಿಲ್ಲ, ಪೆನ್ನು ಹುಡುಕುತ್ತಿದ್ದೆ.

ನಿಮ್ಮಪ್ಪ ಬಾಗಿಲಲ್ಲಿ ನಿಂತಿದ್ದರು. ಎಂಜಿನ್ ಮುಂದಿದೆಯೋ ಹಿಂದಿದೆಯೋ ಎಂದೂ ತಿಳಿಯದ ಮನುಷ್ಯ, ಮೆಲ್ಲಗೆ ಕೇಳಿದರು:

“ಓಡಿಸಿ ನೋಡಿದ್ಯಾ?”

ಮೈಯೆಲ್ಲ ಉರಿಯಿತು. ಆದರೆ ಪೆನ್ನು ಕೆಳಗಿಟ್ಟೆ. ಓಡಿಸದ ಕಾರಿನ ಬಗ್ಗೆ ಬಾಯಿ ಬಿಡಬೇಡಿ ಎಂದು ಕೆಲಸದ ಜಾಗದಲ್ಲಿ ಎಲ್ಲರಿಗೂ ಗದರುತ್ತಿದ್ದವಳು ನಾನೇ ಅಲ್ಲವೇ. ಡಾಕ್ಟರಿಗೆ, ಸಭೆಗೆ ಬರುತ್ತೇನೆ, ಸಹಿ ಅಲ್ಲೇ ನೋಡೋಣ ಎಂದೆ.

ಮಾರನೆಯ ದಿನ ಶೋರೂಮಿಗೆ ಹೋದೆ. ನಾನ್ಯಾರೆಂದು ಹೇಳಲಿಲ್ಲ. ಮಾರುವವನು ಬಹಳ ಉತ್ಸಾಹಿ. ಹಳೆಯದು ಸ್ವಲ್ಪ ಅಜ್ಜಿಯ ಹಾಗೆ ಕಾಣುತ್ತಿತ್ತು, ಈಗ ಕಳೆ ಬಂದಿದೆ ಎಂದು ಆ ಹಳೆಯದನ್ನು ಮಾಡಿದ ಅಜ್ಜಿಗೇ ವಿವರಿಸಿದ. ಹೌದೇನಪ್ಪ ಎಂದು ಕೇಳಿಸಿಕೊಂಡೆ. ಬಿಳಿಯದೊಂದರ ಕೀಲಿ ಕೈಗೆ ಕೊಟ್ಟು ಪಕ್ಕದಲ್ಲಿ ಕೂತ.

ಊರು ದಾಟಿ ಗುಡ್ಡದ ರಸ್ತೆಗೆ ತಿರುಗಿಸಿದೆ. ಒಂದು ಕಡೆ ಗೋಡೆ, ಒಂದು ಕಡೆ ಕಣಿವೆ, ಎದುರಿಂದ ಮಣ್ಣಿನ ಲಾರಿ. ನನ್ನ ಕಾರಿನಲ್ಲಿ ಇಂಥ ಕಡೆ ಉಸಿರು ಬಿಗಿಹಿಡಿಯಬೇಕು, ಯಾಕೆಂದರೆ ಮೂತಿ ಕಣ್ಣಿಗೆ ಕಾಣದಂತೆ ಇಳಿದುಹೋಗುತ್ತದೆ. ಅದೇ ಚಂದ ಎಂದು ಹಟ ಹಿಡಿದವಳು ನಾನು. ಕೊಂಡವರೆಲ್ಲ ಒಂದಲ್ಲ ಒಂದು ದಿನ ಎಡಮೂಲೆ ಉಜ್ಜಿಕೊಂಡವರೇ. ನಾನೂ ನಮ್ಮ ಗೇಟಿಗೆ ಉಜ್ಜಿದ್ದೇನೆ, ಗೇಟು ಸರಿಯಿಲ್ಲ ಎಂದು ಅದನ್ನೇ ಬದಲಾಯಿಸಿದ್ದು ನಿನಗೆ ನೆನಪಿರಬಹುದು. ನಿನ್ನ ಕಾರಿನಲ್ಲಿ ಮುಂಚಕ್ರಗಳ ಮೇಲೆ ನೀನು ಎಬ್ಬಿಸಿದ ಉಬ್ಬುಗಳೆರಡೂ ಗಾಜಿನಾಚೆ ಕಂಡವು. ಚಕ್ರ ಎಲ್ಲಿದೆ, ಗೋಡೆ ಎಲ್ಲಿದೆ, ಎಲ್ಲ ಕಣ್ಣಮುಂದೆ. ಲಾರಿಯನ್ನು ನಿಧಾನವಾಗಿ, ಆರಾಮವಾಗಿ ದಾಟಿದೆ. ಅದಾದ ಮೇಲಿನ ತಿರುವುಗಳಲ್ಲಿ ವೇಗ ಹೆಚ್ಚಿಸಿದರೂ ಕಾರು ನಾನು ನೋಡಿದ ಕಡೆಗೇ ಹೋಗತೊಡಗಿತು. ಮಾರುವವನು ಎರಡೂ ಕೈಯಲ್ಲಿ ಬಾಗಿಲ ಹಿಡಿ ಹಿಡಿದುಕೊಂಡ.

ಏರು ಮುಗಿಯುವವರೆಗೂ ಎಂಜಿನ್ ಬಿಸಿ ತೋರಿಸುವ ಮುಳ್ಳು ಅಲುಗಲಿಲ್ಲ. ನನ್ನದರಲ್ಲಿ ಅದು ಬೇಸಿಗೆಯ ಟ್ರಾಫಿಕ್ಕಿನಲ್ಲೇ ತಲೆ ಎತ್ತುತ್ತದೆ. ಎಂಜಿನ್ನಿಗೆ ಹೆಚ್ಚು ಗಾಳಿ ಹೋಗಲೆಂದೇ ನೀನು ಬಾಯಿ ಅಗಲ ಮಾಡಿದ್ದು ಎಂದು ಆಗ ಅರ್ಥವಾಯಿತು. ಗುಡ್ಡದ ಮೇಲೆ ಇಳಿದು ಕಾರಿಗೆ ಒಂದು ಸುತ್ತು ಹಾಕಿದೆ. ಓರೆಯಿಂದ ನೋಡಿದರೆ ಮುಖ ಒಪ್ಪುತ್ತದೆ. ನೇರ ಎದುರು ನಿಂತರೆ ಈಗಲೂ ಕೂಗಾಡಿದ ಹಾಗೇ ಕಾಣುತ್ತದೆ, ಅದನ್ನು ಮುಚ್ಚಿಡಲಾರೆ. ಹಿಂದೆ ಹೋದರೆ ನನ್ನ ಎರಡು ದುಂಡು ದೀಪಗಳಿದ್ದಲ್ಲಿ ಈ ತುದಿಯಿಂದ ಆ ತುದಿಗೆ ಒಂದು ಕೆಂಪು ಪಟ್ಟಿ. ಔಷಧಿ ಅಂಗಡಿಯ ಬೋರ್ಡಿನ ಹಾಗೆ. ತುಂಬಿಕೊಂಡಿದ್ದ ಸೊಂಟ ಸಪಾಟಾಗಿದೆ. ಅಲ್ಲೇ ನಿಂತು ನಿನ್ನನ್ನು ಬೈದೆ. ಬೈಯುತ್ತಿದ್ದಾಗ ಎದೆ ಹಗುರವಾಗುತ್ತಿತ್ತು, ಯಾಕೋ.

ಮೊನ್ನೆ ಸಭೆ. ಆಟದ ಮೈದಾನದ ಪಕ್ಕ ಸಾಲಾಗಿ ನನ್ನ ಕಾರುಗಳೇ, ಒರೆಸಿ ಒರೆಸಿ ಹೊಳೆಯುತ್ತಿದ್ದವು. ಅದನ್ನು ನೋಡಿದಾಗ ಸಹಿ ಹಾಕಿಬಿಡೋಣ ಎನ್ನಿಸಿದ್ದು ನಿಜ ಕಣೇ. ಆಮೇಲೆ ಒಂದೊಂದರ ಎಡಮೂಲೆಯಲ್ಲೂ ಬಣ್ಣದ ತೇಪೆ ಹಾಕಿದ್ದು ಕಣ್ಣಿಗೆ ಬಿತ್ತು.

ಮೈಕು ಕೊಟ್ಟರು. ಮುಂಭಾಗ ನನ್ನದಕ್ಕಿಂತ ಇದೇ ಒಳ್ಳೆಯದು, ನಾನು ಕಣ್ಣಿಗೆಂದು ಮಾಡಿದ್ದೆ, ನನ್ನ ಮಗಳು ಓಡಿಸುವವರಿಗೆಂದು ಮಾಡಿದ್ದಾಳೆ ಎಂದೆ. ಬಾಯಿಯನ್ನು ಇನ್ನೊಂದು ಚೂರು ಸಣ್ಣದು ಮಾಡಬಹುದಿತ್ತು, ಹಿಂದಿನ ದೀಪವನ್ನಂತೂ ಪೂರ್ತಿ ಕೆಡಿಸಿದ್ದಾಳೆ ಎಂದೂ ಹೇಳಿದೆ. ಸಹಿ ಹಾಕುವುದಿಲ್ಲ ಎಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಡಾಕ್ಟರು ಎದ್ದು ನಿಂತು, ಸ್ವಲ್ಪ ಬೇಸರದಲ್ಲೇ ಕೇಳಿದರು:

“ಮಗಳು ಅಂತ ಹೀಗ್ ಹೇಳ್ತಿದ್ದೀರಾ ಮೇಡಂ?”

“ಮಗಳು ಅಂತಲೇ ದೀಪದ ಬಗ್ಗೆ ಹೇಳ್ದೆ. ಬೇರೆಯವರ ಮಗಳಾಗಿದ್ರೆ ಸುಮ್ನಿರ್ತಿದ್ದೆ.”

ಹಿಂದಿನ ಸಾಲಿನಲ್ಲಿ ಒಬ್ಬಾಕೆ ನಕ್ಕಳು, ಆಮೇಲೆ ಎಲ್ಲರೂ. ಮನವಿ ನನ್ನ ಸಹಿಯಿಲ್ಲದೆಯೇ ಹೋಗಲಿ ಎಂದು ಕೆಲವರು, ಮೊದಲು ಓಡಿಸಿ ನೋಡೋಣ ಎಂದು ಕೆಲವರು. ಕೊನೆಗೆ ಅದು ಹೋಗಲಿಲ್ಲ. ಡಾಕ್ಟರು ನಿನ್ನೆ ಗುಡ್ಡದ ರಸ್ತೆಗೆ ಹೋಗಿ ಬಂದರಂತೆ. ಕಾರು ಚೆನ್ನಾಗಿದೆ, ಬಾಯಿ ಮಾತ್ರ ಈಗಲೂ ಜಾಸ್ತಿಯೇ ಎಂದು ಫೋನು ಮಾಡಿದ್ದರು. ಅವರವರ ಕಸುಬು ಅವರವರಿಗೆ.

ಆ ಪಟ್ಟಿ ದೀಪ ನಿನ್ನದಲ್ಲ, ನಿನ್ನ ಮೇಲಿನವರು ಹೇರಿದ್ದು ಎಂದು ನನ್ನ ಗುಮಾನಿ. ಹಾಗಿದ್ದರೆ ಬಂದು ಹೇಳು, ಇಬ್ಬರೂ ಕೂತು ಅವರನ್ನು ಬೈಯೋಣ. ನಿನ್ನದೇ ಆಗಿದ್ದರೆ ಜಗಳಕ್ಕೆ ಬಾ. ಹೇಗೂ ಬಾ. ಈ ಸಲ ತಟ್ಟೆ ಎತ್ತುವ ಕೆಲಸ ನಿಮ್ಮಪ್ಪನಿಗೆ ಬಿಟ್ಟಿದ್ದೇನೆ.

ಬಾಗಿಲು ತೆಗೆದಿಟ್ಟು ಕೂತಿರುವ,
ಅಮ್ಮ

ತಾ.ಕ.: ನಿನ್ನೆ ಸಂಜೆ ನಿನ್ನ ಕಾರೊಂದನ್ನು ಬುಕ್ ಮಾಡಿ ಬಂದೆ, ನೀಲಿ ಬಣ್ಣದ್ದು. ಹಳೆಯದನ್ನು ಮಾರೋಣವೆಂದರೆ ನಿಮ್ಮಪ್ಪ ಕೀಲಿ ಬಚ್ಚಿಟ್ಟುಕೊಂಡಿದ್ದಾರೆ. ಅದರ ಮುಖ ನನ್ನ ಮುಖದ ಹಾಗೇ ಇದೆಯಂತೆ, ಅದಕ್ಕೇ ಇರಲಂತೆ. ಇಷ್ಟು ವರ್ಷದಲ್ಲಿ ನನಗಿದನ್ನು ಯಾರೂ ಹೇಳಿರಲಿಲ್ಲ. ಇರಲಿ, ಅವರು ಅದನ್ನು ಒರೆಸಿಕೊಂಡಿರಲಿ. ನಾನು ಓಡಾಡುವುದು ನಿನ್ನದರಲ್ಲಿ.