ಸೌಟಿನಲ್ಲಿ ಬೆಂದ ತತ್ತಿ

ಅತ್ತೆಯವರೇ, ಸ್ವರ್ಗದಲ್ಲಿದ್ದರೂ ಗಟ್ಟಿಯಾಗಿ ಕೂತು ಕೇಳಿರಿ. ಇವತ್ತು ಅಕ್ಕಲಕೋಟೆಯ ನಿಮ್ಮ ಅಡುಗೆಮನೆಯಲ್ಲಿ ನಾನು ಕೋಳಿಯ ತತ್ತಿ ಬೇಯಿಸಿದೆ.

ಜ್ವರದಿಂದ ಸೊರಗಿದ ನನ್ನ ಮೊಮ್ಮಗಳು ಸುಮಿತ್ರೆಗೆ ಎಣ್ಣೆಯಿಲ್ಲದೆ, ನೀರಿಗೆ ಒಡೆದು ಹಾಕಿ ಬೇಯಿಸಿದ ತತ್ತಿ ಕೊಡಿರೆಂದು ಸೊಲ್ಲಾಪುರದ ಡಾಕ್ಟರು ಹೇಳಿದ್ದರು.

"ಲಿಂಗವಂತರ ಮನ್ಯಾಗ ಇದೇನ ಹಚ್ಚೀದಿ?" ಅಂದರು ನಿಮ್ಮ ಮಗ.

"ವಾಸನಿ ಬಂದ್ರ ಕಟ್ಟಿ ಮ್ಯಾಲ ಹೋಗಿ ಕೂಡ್ರಿ" ಅಂದೆ.

ಮೊದಲನೆಯದನ್ನು ಕುದಿಯುವ ನೀರಿಗೇ ಒಡೆದು ಹಾಕಿದೆ, ಚಿಂದಿಯಾಯಿತು. ಎರಡನೆಯದನ್ನು ನಿಮ್ಮ ಹಿತ್ತಾಳೆ ಸೌಟಿಗೆ ಒಡೆದು ಹಾಕಿ, ಸೌಟಿನ ಸಮೇತ ನೀರಿಗೆ ಇಳಿಸಿದೆ. ನಿಮ್ಮ ಹೋಳಿಗೆಯೂ ಎಂದೂ ಅಷ್ಟು ದುಂಡಗೆ ಬಂದಿರಲಿಲ್ಲ.

ಹಿಂದೆ ಹೀಗೇ ಜ್ವರದಿಂದ ಮಲಗಿದ ನನ್ನ ಮಗಳು ಗಂಗೂ ಮತ್ತೆ ಏಳಲಿಲ್ಲ. ಅವಳಿಗೂ ಡಾಕ್ಟರು ಇದನ್ನೇ ಹೇಳಿದ್ದರು. ಆಗ ನೀವಿದ್ದಿರಿ; ತತ್ತಿ ಹೊಸ್ತಿಲು ದಾಟಲಿಲ್ಲ.

ಸುಮಿತ್ರೆ ಎದ್ದು ಕೂತು ತಾಟು ನೆಕ್ಕಿದಳು. "ಆಯಿ, ಇನ್ನೊಂದ ಮಾಡ" ಅಂದಳು.

ಮಾಡಿದೆ.