ಒಂಟಿ ಗಡಿಗೆಯ ಬಸವನಹುಳು

ನಾಗಪುರ
೧೬-೮-೧೯೫೩

ಚಿ. ಕು. ವಸುಧಾಳಿಗೆ ಅಕ್ಕ ಲೀಲಾ ಮಾಡುವ ಆಶೀರ್ವಾದ.

ನಾವೆಲ್ಲ ಕ್ಷೇಮ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀ, ಗೊತ್ತು. ಬಸವನಹುಳಗಳಿಂದ ಬಿಡುವು ಸಿಗಲಿಲ್ಲ. ನಗಬೇಡ.

ನಿನ್ನ ಭಾವನವರ ಕಾಲೇಜಿನ ಸಂಶೋಧನೆ ಈಗ ನಮ್ಮ ಹಿತ್ತಿಲಿಗೆ ಬಂದಿದೆ. ಕೆರೆಯಿಂದ ತಂದ ಹುಳಗಳು ಇಪ್ಪತ್ತು ಗಡಿಗೆಗಳಲ್ಲಿವೆ. ಈ ಜಾತಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಇಲ್ಲ. ಒಂದೇ ಗ್ರಂಥಿಯಲ್ಲಿ ತತ್ತಿಯೂ ವೀರ್ಯಾಣುವೂ ಹುಟ್ಟುತ್ತವೆ. ದೊಡ್ಡ ಪ್ರಾಣಿಗಳ ಹೆಣ್ಣು ಹಾರ್ಮೋನನ್ನು ಇವಕ್ಕೆ ಚುಚ್ಚಿದರೆ ತತ್ತಿ ಹೆಚ್ಚುತ್ತವೆಯೇ ಎಂದು ಇವರು ನೋಡುತ್ತಿದ್ದಾರೆ. ಗಾಜಿನ ಪಟ್ಟಿಗಳಿಗೆ ಚೀಟಿ ಬರೆದು ಅಂಟಿಸುವುದು, ಸೂಕ್ಷ್ಮದರ್ಶಕದಲ್ಲಿ ಕಂಡದ್ದರ ಚಿತ್ರ ತೆಗೆಯುವುದು ನನ್ನ ಕೆಲಸ. ಒಂಟಿಯಾಗಿಟ್ಟ ಒಂದು ಹುಳು ತಾನೇ ತತ್ತಿಯಿಟ್ಟು ಮರಿ ಮಾಡಿತು. ಕೆಲಸದ ಕಾಶಿಬಾಯಿ ಗಲ್ಲದ ಮೇಲೆ ಕೈಯಿಟ್ಟು, "ಹ್ಯಾಲಾ ನವರಾ ನಕೋ ಕಾ, ಬಾಯಿ?" ಎಂದಳು. ಇದಕ್ಕೆ ಗಂಡ ಬೇಡವೇ ಎಂದು ನಾನು ಯಾರನ್ನು ಕೇಳಲಿ?

ಅತ್ತೆಯವರು ಮಡಿಯಲ್ಲಿದ್ದಾಗ ಹಿತ್ತಿಲ ಕಡೆ ಮುಖ ಹಾಕುವುದಿಲ್ಲ. ಆದರೂ ಒಂದು ದಿನ ಬಾಗಿಲಲ್ಲೇ ನಿಂತು, "ಆ ಸೂಜಿ ಹುಳಕ್ಕ ಚುಚ್ಚೂದಕಿಂತ ನಿನ್ನ ಹೆಂಡತಿಗೆ ಚುಚ್ಚಬಾರದೇನೋ" ಎಂದರು. ಡಾಕ್ಟರೀಣಬಾಯಿ ನನ್ನಲ್ಲಿ ಯಾವ ದೋಷವೂ ಇಲ್ಲವೆಂದಿದ್ದಾರೆ. ಆದರೂ ಮದುವೆಯಾಗಿ ಎಂಟು ವರ್ಷವಾಯಿತಲ್ಲ.

ಈಗ ಮುಖ್ಯ ಮಾತು, ಇವರಿಗೆ ಎರಡನೆಯ ಮದುವೆ ಮಾಡುವುದು. ಅತ್ತೆಯವರು, "ಹೊರಗಿನಾಕಿ ಬಂದ್ರ ನಿನಗ ತ್ರಾಸು. ನಿನ್ನ ತಂಗೀನ್ನ ತಂದುಕೊಳ್ಳೋಣು. ನೀನೇ ಬರಿ, ಅಕಿ ಒಪ್ಪತಾಳ" ಎಂದರು. ಇವರು ತಲೆ ತಗ್ಗಿಸಿ ಕೂತಿದ್ದರು. ಅತ್ತೆಯವರು ಮೊದಲೇ ಕೇಳಿ ಬರೆಸಿದ್ದಕ್ಕೆ, ನಾನು ಹೂಂ ಎಂದರೆ ಮಾತ್ರ ನಿನ್ನನ್ನು ಕೊಡುವುದೆಂದು ಅಪ್ಪ ಬರೆದಿದ್ದರು. ಹೂಂ ಎಂದಿದ್ದೇನೆ. ನೀನೂ ಒಪ್ಪಿಕೋ. ಕಾರ್ತಿಕದಲ್ಲಿ ಮುಹೂರ್ತವಿದೆ.

ಅವ್ವ ಅಪ್ಪನಿಗೆ ನಮಸ್ಕಾರ. ದೇವರು ನಿನಗೆ ಒಳ್ಳೆಯದನ್ನೇ ಮಾಡಲಿ.

ನಿನ್ನ ಅಕ್ಕ,
ಲೀಲಾ

ತಾ.ಕ.: ಮೇಲಿನದನ್ನು ಇವರು ಅತ್ತೆಯವರಿಗೆ ಓದಿ ಹೇಳಿಯಾಯಿತು. ಇದನ್ನು ಅಂಚೆಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ. ಒಪ್ಪಬೇಡ, ವಸು.

ಹೋದ ಮಂಗಳವಾರ ಹಳೆಯ ಗಾಜಿನ ಪಟ್ಟಿಗಳನ್ನು ತೊಳೆಯಲು ತೆಗೆದೆ. ಒಂದರ ಮೇಲೆ ನನ್ನ ಅಕ್ಷರವಿರಲಿಲ್ಲ, ಹುಳದ ಸಂಖ್ಯೆಯೂ ಇರಲಿಲ್ಲ. ಎರಡು ವರ್ಷ ಹಿಂದಿನ ತಾರೀಖು, ಇವರ ಕೈಬರಹ, ಇವರದೇ ಹೆಸರು. ಸೂಕ್ಷ್ಮದರ್ಶಕದಲ್ಲಿಟ್ಟು ಮೂಲೆಮೂಲೆಯೂ ನೋಡಿದೆ. ಒಂದು ವೀರ್ಯಾಣುವೂ ಇರಲಿಲ್ಲ. ಕೇಳಿದರೆ, "ನನಗ ಗೊತ್ತದ. ಅವ್ವಗ ಹೇಳಬ್ಯಾಡ. ಆಮ್ಯಾಲೆ ನಾ ತಲಿ ಎತ್ತಿ ತಿರಗೂದು ಹ್ಯಾಂಗ?" ಎಂದು ನನ್ನಿಂದ ಭಾಷೆ ತೆಗೆದುಕೊಂಡರು. ಹಾಗಾದರೆ ಈ ಮದುವೆಯನ್ನಾದರೂ ನಿಲ್ಲಿಸುತ್ತಾರೆ ಎಂದುಕೊಂಡೆ. ನಿಲ್ಲಿಸಲಿಲ್ಲ.

ಅಪ್ಪನಿಗೆ ಇದನ್ನು ಹೇಳಬೇಡ. ಅಕ್ಕ ಜಗಳಗಂಟಿ, ಅವಳ ಜೊತೆ ಬಾಳಲಾರೆ ಎಂದುಬಿಡು, ಎಲ್ಲರೂ ನಂಬುತ್ತಾರೆ. ಆಗ ಇವರು ಬೇರೆ ಯಾರನ್ನಾದರೂ ಹುಡುಕುತ್ತಾರೆ. ಆ ಹುಡುಗಿಗೂ ಹೀಗೊಂದು ಕಾಗದ ಬರೆಯೋಣವೆಂದರೆ ಅವಳ ವಿಳಾಸ ನನಗೆ ಗೊತ್ತಿರುವುದಿಲ್ಲ.