ಬಿಡದೆ ಹಿಡಿದ ಸ್ವರ

ಒಲಿಂಪಿಯಾ, ಗುರುವಾರ

ಅಜ್ಜಿ,

ಫೋನ್ ಮಾಡದೆ ಕಾರ್ಡ್ ಗೀಚುತ್ತಿರುವುದಕ್ಕೆ ಸಾರಿ. ಫೋನಿನಲ್ಲಾದರೆ ನೀನು ನಡುವೆಯೇ ನಗಲು ಶುರುಮಾಡುತ್ತೀ. ನಿನ್ನೆ ಕಾಡಂಚಿನ ಹಳೇ ಕೊಟ್ಟಿಗೆಯೊಂದಕ್ಕೆ ಬ್ಲ್ಯಾಕ್ ಮೆಟಲ್ ಎಂಬ ಕಿವಿಗಡಚಿಕ್ಕುವ ಗಿಟಾರ್ ಸಂಗೀತದ ತಂಡವೊಂದರವರು ನನ್ನನ್ನು ನುಡಿಸಿ ತೋರಿಸಲು ಕರೆದಿದ್ದರು. ಅವರಿಗೆ ಆರ್ಗನ್ ನುಡಿಸುವವರು ಬೇಕಿತ್ತು. ಹಾಸ್ಟೆಲಿನ ಪ್ರಾರ್ಥನೆಯಲ್ಲಿ ನಾನು ಕಲಿತದ್ದು ಅದೊಂದೇ. ಇಂಥ ತಂಡಗಳ ಪೋಸ್ಟರ್‌ಗಳಲ್ಲಿ ಕಂಡಂತೆ ಮುಖಕ್ಕೆಲ್ಲ ಬಿಳಿ, ಕಣ್ಣಿನ ಸುತ್ತ ಕಪ್ಪು ಬಳಿದುಕೊಂಡು ಹೋದೆ. ಅಲ್ಲಿ ನೋಡಿದರೆ ಎಲ್ಲರೂ ಉಣ್ಣೆ ಟೋಪಿ ಹಾಕಿಕೊಂಡು, ಒಲೆಯ ಸುತ್ತ ಕೂತು ಸೂಪ್ ಕುಡಿಯುತ್ತಿದ್ದರು!

"ಯಾರಮ್ಮ ನೀನು, ಗೋರಿಯಿಂದ ಎದ್ದು ನೇರ ಇಲ್ಲಿಗೇ ಬಂದ್ಯಾ?" ಎಂದಳು ಡ್ರಮ್ ಬಾರಿಸುವ ಇನೆಜ್. "ನಾವು ಬಣ್ಣ ಹಚ್ಚಲ್ಲ ಕಣೇ. ಹೋಗಿ ತೊಳ್ಕೊ."

ತೊಳೆಯುವಾಗ ಬಣ್ಣ ಕಣ್ಣಿಗಿಳಿಯಿತು. ನುಡಿಸಲು ಕೂತಾಗ, ಸ್ವರ ಬದಲಿಸು ಎಂದು ಗಿಟಾರಿನ ಟೋಬಿನ್ ತಲೆಯಾಡಿಸಿದ್ದು ಕಾಣಲೇ ಇಲ್ಲ. ಹೆದರಿ ಒಂದೇ ಸ್ವರವನ್ನು ಒತ್ತಿ ಹಿಡಿದು ಕೂತೆ. ಗಿಟಾರುಗಳು ಜಡಿಮಳೆಯಂತೆ ಅದರ ಮೇಲೆ ಸುರಿಯುತ್ತಲೇ ಇದ್ದವು. ಮುಗಿದಾಗ ವಾಪಸ್ ಕಳಿಸುತ್ತಾರೆ ಅಂದುಕೊಂಡೆ.

"ಸಾರಿ, ನೀವು ತಲೆಯಾಡಿಸಿದ್ದು ಕಾಣ್ಲಿಲ್ಲ."

"ಕಾಣದೇ ಇದ್ದದ್ದೇ ಒಳ್ಳೇದಾಯ್ತು," ಅಂದ ಟೋಬಿನ್. "ಮಂಜು ಇಳಿದ ಹಾಗಿತ್ತು ಮಾರಾಯ್ತಿ. ಇನ್ಮೇಲೆ ಹಾಗೇ ಹಿಡಿ."

ನನ್ನನ್ನು ಸೇರಿಸಿಕೊಂಡರು ಅಜ್ಜಿ! ಕಣ್ಣುರಿ ಇಳಿದಿದೆ, ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ, ಅಮ್ಮನಿಗೂ ಹೇಳು. ಮುಂದಿನ ತಿಂಗಳು ಇಲ್ಲಿನ ರೈತರ ಹಾಲ್‌ನಲ್ಲಿ ನನ್ನ ಮೊದಲ ಕಾರ್ಯಕ್ರಮ. ಅಲ್ಲಿ ಎಲ್ಲರೂ ನಿಂತೇ ಕೇಳುವುದು. ನಿನಗೊಂದು ಕುರ್ಚಿ ಹಾಕಿಸಬೇಕು. ಬರುತ್ತೀಯೋ ಇಲ್ಲವೋ, ಬೇಗ ಬರೆ.

ನಿನ್ನ ಲಿನಿಯಾ